ಮಿನ್ಸ್ ಅಂಡ್ ಟ್ಯಾಟೀಸ್: ಗ್ಲಾಸ್ಗೋದ ಅಡುಗೆಮನೆಯಲ್ಲಿ ಮಕ್ಕಳ ಸಂಜೆಯೂಟ ತಯಾರಾದ ಬಗೆ

ಸ್ಕಾಟ್ಲೆಂಡಿನ ಮನೆಗಳಲ್ಲಿ ಮಕ್ಕಳಿಗೆಂದು ಮಾಡುವ ಬಿಸಿಯೂಟಗಳಲ್ಲಿ ಮಿನ್ಸ್ ಅಂಡ್ ಟ್ಯಾಟೀಸ್‌ನಷ್ಟು ಸರಳವಾದವು ಹೆಚ್ಚಿಲ್ಲ. ಈರುಳ್ಳಿ ಮತ್ತು ಕ್ಯಾರೆಟ್‌ಗಳೊಡನೆ ಸಣ್ಣ ಉರಿಯಲ್ಲಿ ಬೇಯಿಸಿದ ಖೀಮಾ, ಪಕ್ಕದಲ್ಲಿ ಬೆಣ್ಣೆ ಮತ್ತು ಹಾಲು ಹಾಕಿ ಹಿಸುಕಿದ ಆಲೂಗಡ್ಡೆ, ಒಂದಿಷ್ಟು ಹಸಿರು ಬಟಾಣಿ, ಇವಿಷ್ಟೇ ಸೇರಿ ಊಟವಾಗುತ್ತದೆ. ಮಸಾಲೆ ಎಂಬುದು ಕರಿಮೆಣಸಿನಿಂದಾಚೆಗೆ ಹೋಗುವುದಿಲ್ಲ. ಹೀಗಾಗಿ ನಮ್ಮ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಅನೇಕರು ಇದನ್ನು ಒಮ್ಮೆ ರುಚಿ ನೋಡಿ ಸಪ್ಪೆ ಎಂದು ಕೈಬಿಡುತ್ತಾರೆ, ಇಲ್ಲವೇ ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆ ಸೇರಿಸಿ ಬೇರೆಯೇ ಅಡುಗೆಯನ್ನಾಗಿ ಮಾಡಿಬಿಡುತ್ತಾರೆ. ಈ ಊಟದ ರುಚಿಯು ಹದವಾಗಿ ಹುರಿದ ಮಾಂಸ, ತಾಳ್ಮೆಯಿಂದ ಬಾಡಿಸಿದ ತರಕಾರಿ ಮತ್ತು ಓಟ್ಸ್ ನುಚ್ಚು ಕೊಡುವ ಗಟ್ಟಿತನದಿಂದ ಬರುತ್ತದೆಂದೂ, ಆ ಮೂರೂ ಸರಿಯಾದರೆ ಉಪ್ಪನ್ನು ಬಹುಮಟ್ಟಿಗೆ ಬಿಟ್ಟರೂ ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆಂದೂ ನನ್ನ ದೃಢವಾದ ಅಭಿಪ್ರಾಯ. ಅದೇ ನಂಬಿಕೆಯಿಂದ ಮಾಡಿದ ಒಂದು ಸಂಜೆಯ ಅಡುಗೆಯನ್ನು ಹಂತಹಂತವಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಊಟ ಮಾಡುವವರು ನಾಲ್ವರು: ಇಬ್ಬರು ದೊಡ್ಡವರು, ಆರು ವರ್ಷದ ಮಗ, ಮೂರು ವರ್ಷದ ಮಗಳು. ಮಗನಿಗೆ ಈ ಊಟ ಶಾಲೆಯಲ್ಲೇ ಪರಿಚಯವಾಗಿದೆ. ಸ್ಕಾಟ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ 2015ರ ಜನವರಿಯಿಂದ ಮಧ್ಯಾಹ್ನದ ಊಟ ಉಚಿತವಾಗಿದ್ದು, 2021ರ ಆಗಸ್ಟ್‌ನಲ್ಲಿ ನಾಲ್ಕನೆಯ ತರಗತಿಗೂ 2022ರ ಜನವರಿಯಲ್ಲಿ ಐದನೆಯ ತರಗತಿಗೂ ಅದು ವಿಸ್ತರಿಸಿತು. ಆ ಊಟದ ಪಟ್ಟಿಗಳಲ್ಲಿ ಮಿನ್ಸ್ ಹಳೆಯ ಪರಿಚಿತ. ಶಾಲೆಯಲ್ಲಿ ಗೆಳೆಯರೊಡನೆ ಕುಳಿತು ಉಣ್ಣುವುದನ್ನೇ ಮನೆಯಲ್ಲಿಯೂ ಕಂಡರೆ ಮಕ್ಕಳಿಗೆ ಅರ್ಧ ಧೈರ್ಯ ಬಂದಂತೆ.

ಸಾಮಗ್ರಿಗಳ ಆಯ್ಕೆಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ಎರಡೇ, ಖೀಮಾ ಮತ್ತು ಆಲೂಗಡ್ಡೆ. ಇಲ್ಲಿ ಮಿನ್ಸ್ ಎಂದರೆ ದನದ ಮಾಂಸವೇ. ಮಾಂಸದ ಅಂಗಡಿಯಲ್ಲಿ ‘ಸ್ಟೀಕ್ ಮಿನ್ಸ್’ ಎಂದು ಕೇಳಿದರೆ ಕೊಬ್ಬು ಕಡಿಮೆಯಿರುವ ಖೀಮಾ ಕೊಡುತ್ತಾರೆ. ಸೂಪರ್ ಮಾರ್ಕೆಟ್ಟಿನ ಪೊಟ್ಟಣಗಳ ಮೇಲೆ ಕೊಬ್ಬಿನ ಪ್ರಮಾಣ ಶೇಕಡಾ 5, 12, 20 ಎಂದು ಅಚ್ಚಾಗಿರುತ್ತದೆ. ಶೇಕಡಾ 5ರದು ಬೆಂದ ಮೇಲೆ ಒಣಒಣವಾಗಿ ಮಕ್ಕಳ ಬಾಯಲ್ಲಿ ಉಳಿದುಬಿಡುತ್ತದೆ, 20ರದು ಮೇಲೆ ಎಣ್ಣೆಯ ಪದರ ಕಟ್ಟುತ್ತದೆ. 12ರದು ಈ ಕೆಲಸಕ್ಕೆ ತಕ್ಕದ್ದು. ಅಂಗಡಿಯವರಿಗೆ ಹೇಳಿ ಯಂತ್ರದಲ್ಲಿ ಎರಡು ಸಲ ಅರೆಸಿಕೊಳ್ಳುವುದು ಚಿಕ್ಕ ಮಕ್ಕಳಿರುವ ಮನೆಗೆ ದೊಡ್ಡ ಉಪಕಾರ, ಏಕೆಂದರೆ ಮೂರು ವರ್ಷದ ಮಗು ಖೀಮಾವನ್ನು ಬೇಡವೆನ್ನುವುದು ರುಚಿಗಿಂತ ಹೆಚ್ಚಾಗಿ ಅಗಿಯಲು ಸಿಗುವ ಗಟ್ಟಿ ಕಾಳುಗಳ ಕಾರಣದಿಂದ. ದನದ ಮಾಂಸ ತಿನ್ನದವರು ಕುರಿಮರಿಯ ಖೀಮಾದಿಂದ ಇದನ್ನೇ ಮಾಡಬಹುದು. ಅದರಲ್ಲಿ ಕೊಬ್ಬು ಸಾಮಾನ್ಯವಾಗಿ ಹೆಚ್ಚಿರುವುದರಿಂದ ಹುರಿದ ಮೇಲೆ ಬಿಟ್ಟುಕೊಂಡ ಕೊಬ್ಬನ್ನು ಚಮಚದಿಂದ ತೆಗೆದುಬಿಡಬೇಕು. ನಾನು ತಂದದ್ದು ಅರ್ಧ ಕಿಲೋ.

ಆಲೂಗಡ್ಡೆ ಹಿಟ್ಟುಹಿಟ್ಟಾಗಿ ಒಡೆಯುವ ಜಾತಿಯದಾಗಿರಬೇಕು. ಸ್ಕಾಟ್ಲೆಂಡಿನವರಿಗೆ ಈ ವಿಷಯದಲ್ಲಿ ಬಿಗಿಯಾದ ಅಭಿಪ್ರಾಯಗಳಿವೆ. ಹಳಬರು ಗೋಲ್ಡನ್ ವಂಡರ್ ಅಥವಾ ಕೆರ್ಸ್ ಪಿಂಕ್ ಎನ್ನುತ್ತಾರೆ. ಕೆರ್ಸ್ ಪಿಂಕ್ ಈ ನೆಲದ್ದೇ ತಳಿ. ಈಶಾನ್ಯದ ಬ್ಯಾನ್ಫ್‌ಶೈರ್‌ನಲ್ಲಿ 1907ರಲ್ಲಿ ಬೆಳೆಸಿದ್ದು. ಗೋಲ್ಡನ್ ವಂಡರ್‌ನ ರುಚಿ ಅಪ್ರತಿಮವಾದರೂ ಕುದಿಯುವ ನೀರಿನಲ್ಲಿ ಅದು ಬೇಗನೆ ಬಿರಿದು ಕರಗಿಹೋಗುವುದರಿಂದ ಸಿಪ್ಪೆ ಸಮೇತ ಅಥವಾ ಹಬೆಯಲ್ಲಿ ಬೇಯಿಸಬೇಕಾಗುತ್ತದೆ. ಎಲ್ಲ ಕಡೆ ಸಿಗುವ, ಕೈಗೆ ಸುಲಭವಾಗಿ ಬಗ್ಗುವ ಗಡ್ಡೆ ಎಂದರೆ ಮಾರಿಸ್ ಪೈಪರ್. ಅದು 1966ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬಂದ ತಳಿ, ಆದರೂ ಇಲ್ಲಿನ ಅಡುಗೆಮನೆಗಳಲ್ಲಿ ಬೇರೂರಿದೆ. ಅದನ್ನೇ ಒಂದು ಕಿಲೋ ತಂದೆ. ಅಕ್ಟೋಬರ್‌ನ ಶಾಲಾ ರಜೆಯನ್ನು ಇಂದಿಗೂ ಅನೇಕರು ‘ಟ್ಯಾಟಿ ಹಾಲಿಡೇಸ್’ ಎನ್ನುತ್ತಾರೆ. ಹೊಲದಲ್ಲಿ ಆಲೂಗಡ್ಡೆ ಕೀಳುವ ಕೆಲಸಕ್ಕೆ ಮಕ್ಕಳು ಹೋಗುತ್ತಿದ್ದ ಕಾಲದಲ್ಲಿ ಆ ರಜೆಗೆ ಬಂದ ಹೆಸರು ಅದು.

ಉಳಿದವು ಒಂದು ದೊಡ್ಡ ಈರುಳ್ಳಿ, ಮೂರು ಕ್ಯಾರೆಟ್, ಸುಮಾರು 150 ಗ್ರಾಂ ನೀಪ್ (ಒಳಗೆ ಹಳದಿಯಾಗಿರುವ ದೊಡ್ಡ ಟರ್ನಿಪ್ ಗಡ್ಡೆ), 30 ಗ್ರಾಂ ಪಿನ್‌ಹೆಡ್ ಓಟ್‌ಮೀಲ್ (ಓಟ್ಸ್ ನುಚ್ಚು), 40 ಗ್ರಾಂ ಉಪ್ಪಿಲ್ಲದ ಬೆಣ್ಣೆ, 100 ಮಿಲಿ ಹಾಲು, ಒಂದು ಬಟ್ಟಲು ಶೀತಲೀಕರಿಸಿದ ಬಟಾಣಿ. ಖೀಮಾದ ಮೇಲೆ ತೇಲಿಸಿ ಬೇಯಿಸುವ ಹಿಟ್ಟಿನ ಉಂಡೆಗಳಿಗಾಗಿ 100 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು, ಅಂದರೆ ಬೇಕಿಂಗ್ ಪೌಡರ್ ಮೊದಲೇ ಬೆರೆಸಿದ ಮೈದಾ, ಮತ್ತು 50 ಗ್ರಾಂ ಸೂಯೆಟ್ ಎಂಬ ಗಟ್ಟಿ ಕೊಬ್ಬು. ನೀರಿನಲ್ಲಿ ಕರಗಿಸಿ ಸಾರಿನ ರುಚಿ ತರಿಸುವ ಸ್ಟಾಕ್ ಕ್ಯೂಬನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ದಿನಕ್ಕೆ 2 ಗ್ರಾಂ, ನಾಲ್ಕರಿಂದ ಆರು ವರ್ಷದವರಿಗೆ 3 ಗ್ರಾಂಗಿಂತ ಹೆಚ್ಚು ಉಪ್ಪು ಬೇಡವೆಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ. ಮಾಮೂಲಿ ಸ್ಟಾಕ್ ಕ್ಯೂಬಿನ ತೂಕದಲ್ಲಿ ದೊಡ್ಡ ಪಾಲು ಉಪ್ಪೇ ಆಗಿರುವುದರಿಂದ, ಬೆಳಗಿನ ಬ್ರೆಡ್ಡು, ಚೀಸುಗಳಲ್ಲಿ ಈಗಾಗಲೇ ಒಳಸೇರಿರುವ ಉಪ್ಪಿನ ಜೊತೆಗೆ ಇದೂ ಕೂಡಿದರೆ ಮಿತಿ ಸುಲಭವಾಗಿ ಮೀರುತ್ತದೆ. ಗ್ರೇವಿ ಪುಡಿಗಳ ಕತೆಯೂ ಇದೇ.

ಸಂಜೆ 4.15ಕ್ಕೆ ಒಲೆ ಹಚ್ಚಿದೆ. ದಪ್ಪ ತಳದ ಅಗಲವಾದ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಬಿಟ್ಟು, ಖೀಮಾದ ಅರ್ಧವನ್ನಷ್ಟೇ ಮೊದಲು ಹಾಕಿದೆ. ಪೂರ್ತಿ ಒಟ್ಟಿಗೆ ಸುರಿದರೆ ಪಾತ್ರೆಯ ಶಾಖ ಒಮ್ಮೆಲೇ ಇಳಿದು, ಮಾಂಸದಿಂದ ಹೊರಬಂದ ನೀರು ಆವಿಯಾಗಿ ಹೋಗಲಾರದೆ ಅಲ್ಲೇ ನಿಂತು, ಖೀಮಾ ಹುರಿಯುವ ಬದಲು ಬೂದುಬಣ್ಣಕ್ಕೆ ತಿರುಗಿ ಬೆಂದುಬಿಡುತ್ತದೆ. ನೀರಿರುವವರೆಗೆ ಪಾತ್ರೆಯ ತಳದ ಶಾಖ 100 ಡಿಗ್ರಿಯನ್ನು ಹೆಚ್ಚು ದಾಟದು. ಮಾಂಸ ಕಂದುಬಣ್ಣಕ್ಕೆ ತಿರುಗಿ ಘಮ ಬಿಡಲು ಸುಮಾರು 140 ಡಿಗ್ರಿಯಾದರೂ ಬೇಕು. ಕೆಲವು ಮನೆಗಳಲ್ಲಿ ಹುರಿಯದೆ ನೇರವಾಗಿ ನೀರಿನಲ್ಲಿ ಬೇಯಿಸುವ ಪದ್ಧತಿಯಿದೆ, ಅದರಿಂದ ಖೀಮಾ ಬಹಳ ಮೃದುವಾಗುವುದೂ ನಿಜ. ಆದರೆ ಉಪ್ಪನ್ನು ಕಡಿಮೆ ಮಾಡಬೇಕೆಂದು ಹೊರಟವರಿಗೆ ಈ ಕಂದುಬಣ್ಣವೇ ಮುಖ್ಯ ಆಸರೆಯಾದ್ದರಿಂದ ನಾನು ಹುರಿಯುವ ಪಕ್ಷ.

ಹುರಿಯುವಾಗ ಕಿವಿಗೊಟ್ಟು ಕೇಳುವುದು ಒಳ್ಳೆಯದು. ಮೊದಲು ನೀರಿನ ಗುಳುಗುಳು ಸದ್ದು ಇರುತ್ತದೆ, ನೀರು ಇಂಗಿದೊಡನೆ ಅದು ಚುರುಚುರು ಎಂಬ ಒಣ ಸದ್ದಾಗಿ ಬದಲಾಗುತ್ತದೆ. ಆ ಸದ್ದು ಬಂದ ಮೇಲೆ ಎರಡು ನಿಮಿಷ ಮಗುಚದೆ ಹಾಗೆಯೇ ಬಿಟ್ಟೆ. ಆಮೇಲೆ ಆಲೂಗಡ್ಡೆ ಹಿಸುಕುವ ಮ್ಯಾಶರ್‌ನಿಂದಲೇ ಪಾತ್ರೆಯೊಳಗಿನ ಖೀಮಾವನ್ನು ಒತ್ತಿ ಒತ್ತಿ ಗಂಟುಗಳನ್ನು ಒಡೆದೆ. ಮರದ ಸೌಟಿನಿಂದ ಒಡೆದದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಸೌಟಿನ ಅಂಚಿಗೆ ತಪ್ಪಿಸಿಕೊಳ್ಳುವ ಕಡಲೆಕಾಳಿನ ಗಾತ್ರದ ಗಂಟುಗಳು ಮ್ಯಾಶರ್‌ನ ತೂತುಗಳಲ್ಲಿ ಹಾದು ಸಾಸಿವೆ ಗಾತ್ರಕ್ಕೆ ಇಳಿಯುತ್ತವೆ, ಮತ್ತು ಗ್ರೇವಿ ಪ್ರತಿಯೊಂದು ಕಾಳಿನ ಸುತ್ತಲೂ ಹಿಡಿದುಕೊಳ್ಳುತ್ತದೆ. ಮೊದಲ ಕಂತನ್ನು ಬಟ್ಟಲಿಗೆ ತೆಗೆದು ಎರಡನೆಯದನ್ನೂ ಹೀಗೆಯೇ ಹುರಿದೆ.

ಅದೇ ಪಾತ್ರೆಯಲ್ಲಿ, ಉಳಿದ ಕೊಬ್ಬಿನಲ್ಲಿಯೇ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಉರಿ ತಗ್ಗಿಸಿದೆ. ಈರುಳ್ಳಿಯಿಂದ ಬಿಡುವ ನೀರು ತಳದಲ್ಲಿ ಹಿಡಿದ ಕಂದು ಪದರವನ್ನು ಕರಗಿಸಿ ಮೇಲೆ ತರುತ್ತದೆ. ಸೌಟಿನಿಂದ ಕೆರೆಯುತ್ತಾ ಹೋದರೆ ಐದಾರು ನಿಮಿಷದಲ್ಲಿ ಪಾತ್ರೆಯ ತಳ ಸ್ವಚ್ಛವಾಗಿ ಈರುಳ್ಳಿ ಜೇನಿನ ಬಣ್ಣಕ್ಕೆ ಬರುತ್ತದೆ. ಕ್ಯಾರೆಟ್ಟನ್ನೂ ನೀಪನ್ನೂ ಅರ್ಧ ಸೆಂಟಿಮೀಟರ್ ಚೌಕಗಳಾಗಿ ಹೆಚ್ಚಿ ಆಗ ಸೇರಿಸಿದೆ. ಇಲ್ಲಿನ ಅನೇಕ ಮನೆಗಳಲ್ಲಿ ಕ್ಯಾರೆಟ್ಟನ್ನು ದಪ್ಪ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಚಿಕ್ಕ ಮಕ್ಕಳಿಗೆ ಬಿಲ್ಲೆಗಿಂತ ಚೌಕವೇ ಸರಿ ಎಂದು ನನಗನಿಸುತ್ತದೆ, ಏಕೆಂದರೆ ದುಂಡನೆಯ ಬಿಲ್ಲೆ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅಲ್ಲದೆ ಕಣ್ಣಿಗೆ ದೊಡ್ಡದಾಗಿ ಕಂಡ ತರಕಾರಿಯನ್ನು ಮಗು ಎತ್ತಿ ಪಕ್ಕಕ್ಕಿಡುತ್ತದೆ. ನೀಪ್‌ನಲ್ಲಿ ಕೋಸಿನ ಜಾತಿಯ ಗಡ್ಡೆಗಳಿಗೆ ಸಹಜವಾದ ತುಸು ಕಹಿಯಿದೆ, ಅದು ಮಕ್ಕಳ ನಾಲಿಗೆಗೆ ನಮಗಿಂತ ಜಾಸ್ತಿ ತಾಗುತ್ತದೆ. ಕ್ಯಾರೆಟ್ಟಿನ ಅರ್ಧದಷ್ಟಿದ್ದರೆ ಆ ಕಹಿ ಸಿಹಿಯಲ್ಲಿ ಮುಳುಗಿ, ಬರೀ ಸಿಹಿಯಿಂದ ಬಾರದ ಒಂದು ಆಳವನ್ನು ಗ್ರೇವಿಗೆ ಕೊಡುತ್ತದೆ.

4.45ಕ್ಕೆ ಹುರಿದ ಖೀಮಾವನ್ನು ಮತ್ತೆ ಪಾತ್ರೆಗೆ ಹಾಕಿ, ಓಟ್‌ಮೀಲನ್ನು ಮೇಲೆ ಉದುರಿಸಿ, ಒಂದು ನಿಮಿಷ ಕಲಸಿ, ಅರ್ಧ ಲೀಟರ್ ಬಿಸಿನೀರು ಹೊಯ್ದೆ. ಪಿನ್‌ಹೆಡ್ ಓಟ್‌ಮೀಲ್ ಎಂದರೆ ಓಟ್ಸ್ ಕಾಳನ್ನು ಎರಡು ಮೂರು ತುಂಡಾಗಿ ಕತ್ತರಿಸಿದ್ದು, ನೋಡಲು ನಮ್ಮ ಅಕ್ಕಿ ನುಚ್ಚಿನ ಹಾಗಿರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಚಪ್ಪಟೆ ಓಟ್ಸ್ ಇಲ್ಲಿ ಸಲ್ಲದು. ಅದು ಹತ್ತು ನಿಮಿಷದಲ್ಲಿ ಕರಗಿ ಗಂಜಿಯಾಗಿ ಗ್ರೇವಿಯನ್ನು ಲೋಳೆ ಮಾಡುತ್ತದೆ. ನುಚ್ಚಾದರೆ ಮುಕ್ಕಾಲು ಗಂಟೆಯವರೆಗೆ ನಿಧಾನವಾಗಿ ಅರಳುತ್ತಾ, ತನ್ನೊಳಗಿನ ಬೀಟಾ ಗ್ಲೂಕಾನ್ ಎಂಬ ಕರಗುವ ನಾರನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಟ್ಟು, ಖೀಮಾದ ಕೊಬ್ಬನ್ನೂ ನೀರನ್ನೂ ಬೇರೆಬೇರೆಯಾಗಲು ಬಿಡದೆ ಹಿಡಿದಿಡುತ್ತದೆ. ಕಾರ್ನ್‌ಫ್ಲೋರ್, ಮೈದಾ, ಗ್ರೇವಿ ಪುಡಿಗಳಿಂದ ಗಟ್ಟಿ ಮಾಡಿದ್ದನ್ನೂ ನಾನು ಬಲ್ಲೆ. ಅವು ಬೇಗ ಗಟ್ಟಿಯಾಗುತ್ತವೆ ನಿಜ, ಆದರೆ ತಟ್ಟೆಯಲ್ಲಿ ಆರುತ್ತಿದ್ದಂತೆ ಮೇಲೆ ಕೆನೆಗಟ್ಟಿ ಅಂಟಾಗುತ್ತವೆ. ಮೂರು ವರ್ಷದ ಮಗು ಒಂದು ತಟ್ಟೆ ಊಟಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುವುದರಿಂದ ಕೊನೆಯ ತುತ್ತಿನವರೆಗೂ ಹದ ಕೆಡದ ಗ್ರೇವಿಯೇ ಬೇಕು, ಅದನ್ನು ಕೊಡುವುದು ಓಟ್‌ಮೀಲ್ ಮಾತ್ರ.

ಮುಚ್ಚಳವನ್ನು ಒಂದು ಬೆರಳಿನಷ್ಟು ಓರೆ ಮಾಡಿಟ್ಟು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿಯಲ್ಲಿ ಬಿಟ್ಟೆ.

ಆಲೂಗಡ್ಡೆಯ ಕೆಲಸ 5 ಗಂಟೆಗೆ ಶುರುವಾಯಿತು. ಸಿಪ್ಪೆ ಹೆರೆದು ಒಂದೇ ಗಾತ್ರದ ದೊಡ್ಡ ಹೋಳುಗಳಾಗಿ ಕತ್ತರಿಸಿ, ತಣ್ಣೀರಿನಲ್ಲಿಟ್ಟು, ಆ ನೀರಿನೊಂದಿಗೇ ಕಾಯಲು ಬಿಟ್ಟೆ. ಕುದಿನೀರಿಗೆ ಹಾಕಿದರೆ ಹೊರಮೈ ಬೆಂದು ಬಿರಿಯುವ ಹೊತ್ತಿಗೆ ಒಳಗೆ ಗಟ್ಟಿಯಾಗಿಯೇ ಇರುತ್ತದೆ. ಕುದಿ ಬಂದ ಮೇಲೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಗ್ಲಾಸ್ಗೋದ ನೀರೂ ಇದಕ್ಕೆ ನೆರವಾಗುತ್ತದೆ. 1859ರಿಂದ ಈ ನಗರಕ್ಕೆ ಉತ್ತರದ ಲಾಕ್ ಕ್ಯಾಟ್ರಿನ್ ಸರೋವರದಿಂದ ಬರುತ್ತಿರುವ ನೀರು ಬಹಳ ಮೆದು. ಅದರಲ್ಲಿ ಸುಣ್ಣದ ಅಂಶ ಅತ್ಯಲ್ಪ. ಕೊಳವೆ ಬಾವಿಯ ಗಡುಸು ನೀರಿನಲ್ಲಿ ಬೇಳೆ ಬೇಯಿಸಿ ಸೋತವರಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಗಡುಸು ನೀರಿನ ಕ್ಯಾಲ್ಸಿಯಂ ತರಕಾರಿಯ ಪೆಕ್ಟಿನ್‌ನೊಡನೆ ಸೇರಿ ಅದನ್ನು ಬಿಗಿಗೊಳಿಸುತ್ತದೆ, ಹೀಗಾಗಿ ಅಂಥ ನೀರಿರುವ ಊರಿನಲ್ಲಿ ಮಾಡುವವರು ಕ್ಯಾರೆಟ್ಟಿಗೂ ಆಲೂಗಡ್ಡೆಗೂ ಇನ್ನಷ್ಟು ಸಮಯ ಕೊಡಬೇಕು.

ಆಲೂಗಡ್ಡೆ ಬೇಯುವಷ್ಟರಲ್ಲಿ ಉಂಡೆಗಳನ್ನು ಕಟ್ಟಿದೆ. ಹಿಟ್ಟು ಮತ್ತು ಸೂಯೆಟ್ಟನ್ನು ಬೆರಳ ತುದಿಯಿಂದ ಬೆರೆಸಿ, ಹೆಚ್ಚಿದ ಪಾರ್ಸ್ಲೆ ಒಂದು ಚಮಚ ಹಾಕಿ, ಸುಮಾರು 75 ಮಿಲಿ ತಣ್ಣೀರು ಸೇರಿಸಿ, ನಾದದೆ ಒಟ್ಟುಗೂಡಿಸಿ ಎಂಟು ಸಣ್ಣ ಉಂಡೆ ಮಾಡಿದೆ. ಚಪಾತಿ ಹಿಟ್ಟು ನಾದಿ ಪಳಗಿದ ಕೈಗೆ ಇಲ್ಲಿ ತಡೆ ಹಾಕಬೇಕು, ನಾದಿದಷ್ಟೂ ಉಂಡೆ ರಬ್ಬರಾಗುತ್ತದೆ. ಸೂಯೆಟ್ ಎಂಬುದು ದನದ ಅಥವಾ ಕುರಿಯ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. ಸಸ್ಯದ ಎಣ್ಣೆಯಿಂದ ಮಾಡಿದ್ದೂ ಪೊಟ್ಟಣದಲ್ಲಿ ಸಿಗುತ್ತದೆ. ಬೆಣ್ಣೆ ಬಿಸಿ ತಾಗಿದೊಡನೆ ಕರಗಿ ಹಿಟ್ಟಿನಲ್ಲಿ ಲೀನವಾಗುತ್ತದೆ, ಸೂಯೆಟ್ ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಕರಗುವುದರಿಂದ ಅಷ್ಟರಲ್ಲಿ ಸುತ್ತಲಿನ ಹಿಟ್ಟು ಗಟ್ಟಿಗೊಳ್ಳತೊಡಗಿ, ಕೊಬ್ಬು ಕರಗಿಹೋದ ಜಾಗದಲ್ಲಿ ಗಾಳಿಯ ಪೊಟರೆ ಉಳಿಯುತ್ತದೆ. ಉಂಡೆ ಹಗುರಾಗುವ ಗುಟ್ಟು ಇದೇ.

5.15ಕ್ಕೆ ಖೀಮಾದ ಹದ ನೋಡಿದೆ. ಮರದ ಸೌಟನ್ನು ಪಾತ್ರೆಯ ತಳದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ತಳ ಕಾಣುವ ದಾರಿ ಮೂಡಬೇಕು, ಮತ್ತು ಅದು ಒಂದೆರಡು ಕ್ಷಣ ಇದ್ದು ನಿಧಾನವಾಗಿ ಮುಚ್ಚಿಕೊಳ್ಳಬೇಕು. ದಾರಿ ಹಾಗೆಯೇ ಉಳಿದಿತ್ತಾದ್ದರಿಂದ ಅರ್ಧ ಲೋಟ ಬಿಸಿನೀರು ಬೆರೆಸಿ ಸರಿಮಾಡಿದೆ; ಉಂಡೆಗಳೂ ನೀರು ಹೀರುವುದರಿಂದ ಈ ಹಂತದಲ್ಲಿ ತುಸು ತೆಳ್ಳಗಿರುವುದೇ ಲೇಸು. ಉಂಡೆಗಳನ್ನು ಮೇಲೆ ದೂರದೂರವಾಗಿ ಇಟ್ಟು ಮುಚ್ಚಳವನ್ನು ಪೂರ್ತಿ ಬಿಗಿದೆ. ಅವು ಬೇಯುವುದು ಹಬೆಯಿಂದ. ಇಪ್ಪತ್ತು ನಿಮಿಷ ಮುಚ್ಚಳ ತೆಗೆಯಲೇಬಾರದು.

ಬೆಂದ ಆಲೂಗಡ್ಡೆಯ ನೀರು ಬಸಿದು, ಖಾಲಿ ಪಾತ್ರೆಗೆ ಮರಳಿ ಹಾಕಿ, ಸಣ್ಣ ಉರಿಯ ಮೇಲೆ ಎರಡು ನಿಮಿಷ ಆಗಾಗ ಕುಲುಕುತ್ತಾ ಒಣಗಿಸಿದೆ. ಹೋಳುಗಳ ಅಂಚಿನಲ್ಲಿ ಬಿಳಿಯ ಹುಡಿ ಕಾಣಿಸಿಕೊಂಡು ಹಬೆ ಕಡಿಮೆಯಾದಾಗ ಹಾಲು ಮತ್ತು ಬೆಣ್ಣೆ ಕುಡಿಯಲು ಅವು ಸಿದ್ಧವಾಗಿವೆ ಎಂದರ್ಥ. ಮೊದಲು ಬರಿದೇ ಹಿಸುಕಿ, ಆಮೇಲೆ ಬೆಣ್ಣೆ, ಕೊನೆಗೆ ಬಿಸಿ ಮಾಡಿದ ಹಾಲು, ಈ ಕ್ರಮವನ್ನು ಬದಲಿಸಬಾರದು. ಮಿಕ್ಸಿಯ ನೆನಪೂ ಬೇಡ. ಅದರ ಅಲಗು ಆಲೂಗಡ್ಡೆಯ ಕೋಶಗಳನ್ನು ಸೀಳಿ ಪಿಷ್ಟವನ್ನು ಹೊರಚೆಲ್ಲುವುದರಿಂದ ಎರಡೇ ಸುತ್ತಿಗೆ ಅದು ಗೋಂದಾಗುತ್ತದೆ.

5.40ಕ್ಕೆ ಮುಚ್ಚಳ ತೆಗೆದಾಗ ಉಂಡೆಗಳು ಎರಡರಷ್ಟು ಉಬ್ಬಿ, ಮೇಲ್ಭಾಗ ಒಣಗಿ ಬಿಳಿಯಾಗಿ, ತಳಭಾಗ ಗ್ರೇವಿ ಹೀರಿ ಕಂದಾಗಿತ್ತು. ಒಂದನ್ನು ಅರ್ಧಕ್ಕೆ ಮುರಿದು ನಡುವೆ ಹಸಿ ಹಿಟ್ಟಿಲ್ಲವೆಂದು ಖಚಿತಪಡಿಸಿಕೊಂಡೆ. ಬಟಾಣಿಯನ್ನು ಮೂರು ನಿಮಿಷ ಕುದಿಸಿದೆ. ಮಕ್ಕಳ ಪಾಲನ್ನು ಮೊದಲು ಬಡಿಸಿ ಆಮೇಲೆ ಪಾತ್ರೆಗೆ ಉಪ್ಪು, ಕರಿಮೆಣಸು ಮತ್ತು ಕೆಲವು ಹನಿ ವೂಸ್ಟರ್ ಸಾಸ್ ಹಾಕಿದೆ. ಆ ಸಾಸಿನಲ್ಲಿ ಮೀನು ಇರುತ್ತದೆಂಬುದನ್ನು, ಈ ಊಟದಲ್ಲಿ ಓಟ್ಸ್, ಗೋಧಿ, ಹಾಲು ಮೂರೂ ಇವೆ ಎಂಬುದನ್ನು, ಬೇರೆಯವರ ಮಕ್ಕಳು ಊಟಕ್ಕೆ ಬಂದಾಗ ಅವರ ತಂದೆತಾಯಿಗೆ ಮೊದಲೇ ತಿಳಿಸುವುದು ಅಗತ್ಯ. ದೊಡ್ಡವರ ತಟ್ಟೆಗೆ ಇಲ್ಲಿನ ರೂಢಿಯಂತೆ ವಿನೆಗರ್‌ನಲ್ಲಿ ನೆನೆಸಿದ ಬೀಟ್‌ರೂಟ್ ಇಟ್ಟೆವು. ನಮ್ಮ ಮನೆಯಲ್ಲಿ ಅದರ ಪಕ್ಕಕ್ಕೆ ನಿಂಬೆ ಉಪ್ಪಿನಕಾಯಿಯೂ ಬರುತ್ತದೆ, ಮತ್ತು ಊಟಕ್ಕೆ ಹುಳಿ ಕೊಡುವ ಒಂದೇ ಕೆಲಸವನ್ನು ಎರಡೂ ಚೆನ್ನಾಗಿ ಮಾಡುತ್ತವೆ.

ಹಿಸುಕಿದ ಆಲೂಗಡ್ಡೆ ಶಾಖವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಮೇಲೆ ಆರಿದಂತೆ ಕಂಡರೂ ಒಳಗೆ ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ, ಹೀಗಾಗಿ ಮಗಳ ಪಾಲನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ನಡುವೆ ಗುಳಿ ಮಾಡಿ ಖೀಮಾ ತುಂಬಿದೆ. ಬಟಾಣಿಯನ್ನು ಚಮಚದ ಹಿಂಬದಿಯಿಂದ ಒತ್ತಿ ಚಪ್ಪಟೆ ಮಾಡಿದೆ. ಅವಳು ಮೊದಲು ಉಂಡೆಯನ್ನು ಕೈಯಲ್ಲಿ ಹಿಡಿದು ಗ್ರೇವಿಗೆ ಅದ್ದಿ ತಿಂದಳು, ಆಮೇಲೆ ಚಮಚ ಹಿಡಿದಳು. ಮಗ ಆಲೂಗಡ್ಡೆಯನ್ನೂ ಖೀಮಾವನ್ನೂ ಪೂರ್ತಿ ಕಲಸಿ ಒಂದೇ ಬಣ್ಣ ಮಾಡಿಕೊಂಡು ಉಂಡ. ಕಲಸಿ ಉಣ್ಣುವುದನ್ನು ನಾವು ತಡೆಯುವುದಿಲ್ಲ. ಅನ್ನ ಸಾರು ಕಲಸಿ ಬೆಳೆದವರಿಗೆ ಅದರ ಸುಖ ಗೊತ್ತು.

ಉಳಿದ ಖೀಮಾವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟೆ. ಎರಡು ದಿನದೊಳಗೆ ಮುಗಿಸಬೇಕು, ಒಂದೇ ಸಲ ಬಿಸಿ ಮಾಡಬೇಕು. ಸ್ಕಾಟ್ಲೆಂಡಿನ ಹೋಟೆಲು, ಕ್ಯಾಂಟೀನುಗಳಲ್ಲಿ ಮರಳಿ ಬಿಸಿ ಮಾಡುವ ಅಡುಗೆ 82 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬ ನಿಯಮವಿದೆ. ಮನೆಯಲ್ಲಿಯೂ ಅದನ್ನೇ ಅನುಸರಿಸಿ, ಎಲ್ಲ ಕಡೆ ಹಬೆಯಾಡುವವರೆಗೆ ಕಾಯಿಸಿ ಆಮೇಲೆ ಮಕ್ಕಳಿಗಾಗಿ ಆರಿಸುವುದು ಕ್ಷೇಮ. ಓಟ್‌ಮೀಲ್ ರಾತ್ರಿಯಿಡೀ ನೀರು ಹೀರಿ ಬಿಗಿಯಾಗುವುದರಿಂದ ಬಿಸಿ ಮಾಡುವಾಗ ನಾಲ್ಕು ಚಮಚ ನೀರು ಬೇಕಾಗುತ್ತದೆ. ಉಳಿದ ಆಲೂಗಡ್ಡೆ ಸುಮಾರು 250 ಗ್ರಾಂ ಇತ್ತು. ಅದಕ್ಕೆ 60 ಗ್ರಾಂ ಮೈದಾ, ಸ್ವಲ್ಪ ಕರಗಿಸಿದ ಬೆಣ್ಣೆ ಸೇರಿಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ನಾಲ್ಕು ಭಾಗ ಮಾಡಿ, ಚಪಾತಿ ಹಂಚಿನ ಮೇಲೆ ಎರಡೂ ಮಗ್ಗುಲು ಮೂರು ಮೂರು ನಿಮಿಷ ಬೇಯಿಸಿದರೆ ಟ್ಯಾಟಿ ಸ್ಕೋನ್ ಆಗುತ್ತದೆ. ಹಂಚಿಗೆ ಎಣ್ಣೆ ಸವರಬೇಕಿಲ್ಲ, ಒಣ ಹಿಟ್ಟು ಉದುರಿಸಿದರೆ ಸಾಕು. ಮರುದಿನ ಬೆಳಿಗ್ಗೆ ಮಗನ ತಿಂಡಿ ಅದೇ ಆಯಿತು.